‘ಮುರಿಯುತ್ತಿರುವ ಮದುವೆಗಳು’ ಬರೆದ ಲೇಖಕಿಗೆ

ನಮಸ್ಕಾರ.

ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ.

ಬೆಂಗಳೂರಿನಲ್ಲಿ ವಿಚ್ಛೇದನ ಜಾಸ್ತಿಯಾಗುತ್ತಿದೆ, ಐಟಿ ಕೆಲಸ ಮತ್ತು ಹೆಣ್ಣುಮಕ್ಕಳ ಸಂಬಳವೇ ಕಾರಣ ಎಂದು ಬರೆದಿದ್ದೀರಿ. ಇದಕ್ಕೆ ನೀವು ಕೊಟ್ಟ ಆಧಾರ: ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ಏರಿವೆ ಎಂಬ ಒಂದು ಸಾಲು, ಒಬ್ಬ ವಕೀಲರ ಮಾತು, ಮೂವರು ಗೆಳತಿಯರ ಕತೆ.

ಆ ನ್ಯಾಯಾಲಯಕ್ಕೆ ಹೋಗುವುದು ವಿಚ್ಛೇದನದ ಅರ್ಜಿ ಮಾತ್ರ ಅಲ್ಲ. ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕು, ಹೆಂಡತಿ ವಾಪಸ್ ಬರಲಿ ಎಂಬ ಅರ್ಜಿ, ಎಲ್ಲವೂ ಅಲ್ಲಿಗೇ ಹೋಗುತ್ತವೆ. ಒಂದೇ ಜೋಡಿಯ ಎರಡು ಮೂರು ಕೇಸು ಇರಬಹುದು. ಊರೂ ಸುಮ್ನೆ ನಿಂತಿಲ್ಲ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 65 ಲಕ್ಷ ಜನ ಇದ್ದರು, 2011ರಲ್ಲಿ 96 ಲಕ್ಷ. ಜನ ಒಂದೂವರೆ ಪಟ್ಟು ಆದಾಗ ಕೇಸೂ ಅಷ್ಟೇ ಏರಿದರೆ ಮದುವೆಗಳು ಮೊದಲಿಗಿಂತ ಹೆಚ್ಚು ಮುರಿಯುತ್ತಿವೆ ಎಂದು ಹೇಳಲು ಬರುವುದಿಲ್ಲ, ಅಲ್ವಾ? ಎಷ್ಟು ಮದುವೆಗೆ ಎಷ್ಟು ವಿಚ್ಛೇದನ ಎಂಬುದು ಬೇಕು.

ವಕೀಲರು ತಾವು ಕಂಡದ್ದನ್ನೇ ಹೇಳಿದ್ದಾರೆ. ಆದರೆ ಅವರ ಬಳಿ ಬರುವವರೆಲ್ಲ ಮದುವೆಯಲ್ಲಿ ತೊಂದರೆ ಇರುವವರು, ಅದರಲ್ಲೂ ಫೀಸು ಕೊಡಬಲ್ಲವರು. ಸಂಬಳವೇ ಕಾರಣ ಎಂದು ನಿಮಗೆ ಅನ್ನಿಸಿದ್ದು ಅದಕ್ಕೇ ಇರಬಹುದು. ನೀವು ನೋಡಿದ ಜಾಗದಲ್ಲಿ ಸಂಬಳದವರೇ ಇದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ನಾಲ್ಕನೇ ಪುಟ. ತವರಿಗೆ ಬಂದು ಸೇರಿದ ನಿಮ್ಮೂರಿನ ಹೆಣ್ಣುಮಗಳು. ಕೋರ್ಟಿಗೆ ಹೋಗಿಲ್ಲ, ಕಾಗದ ಪತ್ರ ಏನೂ ಇಲ್ಲ, ರೇಷನ್ ಕಾರ್ಡಿನಲ್ಲಿ ಹೆಸರು ಇನ್ನೂ ಗಂಡನ ಮನೆಯಲ್ಲೇ ಇದೆ. ಇಂಥ ಮನುಷ್ಯಳನ್ನು ಐದು ಸಾಲಿನಲ್ಲಿ ಮುಗಿಸಿದ್ದೀರಿ!

2011ರ ಜನಗಣತಿ ನೋಡಿ. ದೇಶದಲ್ಲಿ ವಿಚ್ಛೇದನ ಆದವರು ಸುಮಾರು 13.6 ಲಕ್ಷ. ವಿಚ್ಛೇದನ ಇಲ್ಲದೆ ಬೇರೆಯಾಗಿ ಇರುವವರು ಸುಮಾರು 35 ಲಕ್ಷ, ಅವರಲ್ಲಿ ಹೆಂಗಸರೇ 23 ಲಕ್ಷಕ್ಕೂ ಹೆಚ್ಚು. ನಿಮ್ಮ ಲೇಖನ ಚಿಕ್ಕ ಗುಂಪಿನ ಬಗ್ಗೆ ಇದೆ. ದೊಡ್ಡ ಗುಂಪು ಆ ಐದು ಸಾಲಿನಲ್ಲಿದೆ. ಈ ಅಂಕಿಗೂ ಮಿತಿ ಇದೆ, ಅದನ್ನೂ ಬರೆಯಬೇಕು. ಜನಗಣತಿ ಎಣಿಸುವುದು ಆ ಹೊತ್ತಿನ ಸ್ಥಿತಿಯನ್ನು. ಮತ್ತೆ ಮದುವೆಯಾದವರು ‘ವಿವಾಹಿತರು’ ಎಂದೇ ಲೆಕ್ಕಕ್ಕೆ ಬರುತ್ತಾರೆ. ಬೇರೆಯಾದವರಲ್ಲಿ ಗಂಡಸರು ಕಡಿಮೆ ಕಾಣುವುದಕ್ಕೆ ಅದೂ ಒಂದು ಕಾರಣ ಇರಬಹುದು. 2021ರ ಗಣತಿ ಮುಂದಕ್ಕೆ ಹೋದದ್ದರಿಂದ ಇದು ಹಳೆಯ ಅಂಕಿ. ಹಾಗಾಗಿ ‘ಈಗ’ ಎಂದು ಬರೆಯದೆ ‘2011ರಲ್ಲಿ’ ಎಂದೇ ಬರೆಯಿರಿ.

ಇನ್ನು ಗೆಳತಿಯರು. ಮೂವರದ್ದೂ ಒಂದೇ ವಯಸ್ಸು, ಒಂದೇ ಥರದ ಕೆಲಸ. ಒಬ್ಬರು ಸಾಕು. ಒಬ್ಬರ ಬದುಕನ್ನು ಚೆನ್ನಾಗಿ ಬರೆದರೆ ಮದುವೆ ಹೇಗೆ ಮುರಿಯಿತು ಎಂದು ಓದುಗರಿಗೆ ಗೊತ್ತಾಗುತ್ತದೆ. ಎಷ್ಟು ಮುರಿಯುತ್ತಿವೆ ಎಂಬುದನ್ನು ಅವರ ಮೇಲೆ ಹೊರಿಸಬೇಡಿ. ‘ಇಂದಿನ ಯುವಜನತೆ’ ಎಂದು ಶುರುವಾಗುವ ಪ್ಯಾರಾ ಪೂರ್ತಿ ಹೋಗಲಿ.

ನಿಮ್ಮೂರಿಗೆ ಮತ್ತೆ ಹೋಗಿ. ಅಂಗನವಾಡಿ ಕಾರ್ಯಕರ್ತೆಯನ್ನು, ಸ್ತ್ರೀಶಕ್ತಿ ಸಂಘದವರನ್ನು ಮಾತಾಡಿಸಿ. ತವರಿಗೆ ಬಂದವರು ಯಾರು, ಯಾವಾಗ ಬಂದರು ಎಂದು ಅವರಿಗೆ ಗೊತ್ತಿರುತ್ತದೆ. ಆ ಹೆಣ್ಣುಮಗಳನ್ನೂ ಕೇಳಿ. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಬರುವುದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ. ಕಾರ್ಡು ಗಂಡನ ಮನೆಯಲ್ಲಿದ್ದರೆ ಇವರ ಗತಿ ಏನು? ಹೆಸರು ಬಿಡಿಸಿಕೊಳ್ಳಲು ಹೋದಾಗ ಕಚೇರಿಯಲ್ಲಿ ಏನು ಕೇಳಿದರು? ಕಾಗದ ಇದ್ದರೆ ನೋಡಿ, ಅವರು ಒಪ್ಪಿದರೆ ಫೋಟೋ ತೆಗೆದುಕೊಳ್ಳಿ, ಹೆಸರು ಮಾತ್ರ ಹಾಕಬೇಡಿ. ಇಷ್ಟು ಸಿಕ್ಕ ಮೇಲೆ ಕಳಿಸಿ. ಉದ್ದವಾದರೂ ಪರವಾಗಿಲ್ಲ, ಜಾಗ ಕೊಡುತ್ತೇನೆ.