ಮೊದಲು ಬಂದೂಕಾ, ಮೊದಲು ಸಂವಿಧಾನನಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಾಂತಿ ಒಪ್ಪಂದ ಆದ್ಮೇಲೆ ಮೊದಲು ಬಂಡುಕೋರರು ಆಯುಧ ಒಪ್ಪಿಸ್ಬೇಕಾ, ಇಲ್ಲಾ ಸರ್ಕಾರ ಸಂವಿಧಾನ ತಿದ್ದಬೇಕಾ? 2001ರಲ್ಲಿ ಮ್ಯಾಸಿಡೋನಿಯಾದಲ್ಲಿ (ಈಗಿನ ಉತ್ತರ ಮ್ಯಾಸಿಡೋನಿಯಾ) ಅಲ್ಬೇನಿಯನ್ ಬಂಡುಕೋರರಿಂದ ಸಿಕ್ಕಿದ್ದು ಬರೀ 3,875 ಆಯುಧ, ಅದು ನಾಟಕ ಅಂತಾರಲ್ಲ?

ಇದನ್ನ ಬೇರೆ ಬೇರೆ ವೇಷದಲ್ಲಿ ಕೇಳ್ತಾನೇ ಇರ್ತೀರಿ, ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೀತೀನಿ. ಯಾವುದೂ ಮೊದಲಲ್ಲ. ಬಂದೂಕು ಕೊಟ್ಟ ಮೇಲೆ ಸರ್ಕಾರ ಮಾತು ತಪ್ಪಿದ್ರೆ ಅಂತ ಅವರಿಗೆ ಭಯ, ಸಂವಿಧಾನ ತಿದ್ದಿದ ಮೇಲೂ ಅವರು ಬಂದೂಕು ಇಟ್ಕೊಂಡ್ರೆ ಅಂತ ಇವರಿಗೆ ಭಯ, ಎರಡೂ ನಿಜವಾದ ಭಯಾನೇ. ಅದಕ್ಕೇ ಎರಡನ್ನೂ ತುಂಡು ಮಾಡಿ ಒಂದಕ್ಕೊಂದು ಕಟ್ಟಬೇಕು.

ಮ್ಯಾಸಿಡೋನಿಯಾದ ಆ ಜಗಳ ನಿಲ್ಲಿಸಿದ ಓಹ್ರಿಡ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2001ರ ಆಗಸ್ಟ್ 13ಕ್ಕೆ. ಸಹಿ ಹಾಕಿದ್ದು ನಾಲ್ಕು ರಾಜಕೀಯ ಪಕ್ಷಗಳು, ಎರಡು ಮ್ಯಾಸಿಡೋನಿಯನ್ನರದ್ದು ಎರಡು ಅಲ್ಬೇನಿಯನ್ನರದ್ದು, ಕಾಡಲ್ಲಿ ಬಂದೂಕು ಹಿಡಿದಿದ್ದ ಬಂಡುಕೋರ ನಾಯಕ ಅಲಿ ಅಹ್ಮೆತಿ ಕಡೆಯವರು ಸಹಿನೇ ಹಾಕಿಲ್ಲ! ಅವರ ಹತ್ರ ನೇಟೋ ಬೇರೆಯಾಗಿ ಮಾತಾಡಿ ಒಪ್ಪಿಸ್ತು. ಆಮೇಲಿನ ಏರ್ಪಾಟು ಏನಂದ್ರೆ, ಆಯುಧದಲ್ಲಿ ಮೂರನೇ ಒಂದು ಭಾಗ ನೇಟೋ ಕೈಗೆ ಬಂದ್ಮೇಲೆ ಸಂಸತ್ತು ಸಂವಿಧಾನ ತಿದ್ದುಪಡಿ ಚರ್ಚೆ ಶುರು ಮಾಡಬೇಕು, ಇನ್ನೊಂದು ಕಂತು ಬಂದ್ರೆ ಕರಡಿಗೆ ಮತ, ಹೀಗೆ. ಆಗಸ್ಟ್ 31ಕ್ಕೆ ಚರ್ಚೆ ಶುರುವಾಯ್ತು, ಮರುದಿನಾನೇ ಸ್ಪೀಕರ್ ಅದನ್ನ ನಿಲ್ಲಿಸಿಬಿಟ್ರು, ಮೊದಲು ಊರು ಬಿಟ್ಟೋದವರು ವಾಪಸ್ ಬರಲಿ ಅಂತ. ಮತ್ತೆ ಒತ್ತಡ ಹಾಕಿ ನಡೆಸಬೇಕಾಯ್ತು. 45 ದಿನದಲ್ಲಿ ಮುಗೀಬೇಕಿದ್ದ ತಿದ್ದುಪಡಿ ಪಾಸಾಗಿದ್ದು ನವೆಂಬರ್ 16ಕ್ಕೆ. ಆಯುಧ ಸಂಗ್ರಹ ಮಾತ್ರ ಸೆಪ್ಟೆಂಬರ್ ಕೊನೆಗೇ ಮುಗಿದಿತ್ತು. ಅಂದ್ರೆ ತಡ ಮಾಡಿದ್ದು ಬಂದೂಕಲ್ಲ ಸ್ವಾಮಿ, ಸಂಸತ್ತು. ಟಿವಿ ಪಂಡಿತರು ಇದನ್ನ ಹೇಳೋದೇ ಇಲ್ಲ.

ಇನ್ನು 3,875ರ ಲೆಕ್ಕ. ನೇಟೋ ಅಂದಾಜು 3,300 ಇತ್ತು, ಸರ್ಕಾರದವರು ಅದರ ಎಷ್ಟೋ ಪಟ್ಟು ಇದೆ ಅಂತ ಕೂಗಾಡ್ತಿದ್ರು. ಬಚ್ಚಿಟ್ಟಿದ್ದು ಖಂಡಿತ ಇತ್ತು. ಆದ್ರೆ ಮನೆಮನೆ ಹೊಕ್ಕು ಕಿತ್ಕೊಳ್ಳೋ ಕೆಲಸಾನೇ ಅಲ್ಲ ಅದು, ತಾವಾಗೇ ತಂದುಕೊಟ್ಟಿದ್ದನ್ನ ತಗೊಳ್ಳೋದು. ಅದು ಪರೀಕ್ಷೆ ಮಾಡೋದು ಬಂಡುಕೋರ ಸಂಘಟನೆ ತನ್ನ ಹುಡುಗರಿಗೆ 'ಕೊಡಿ' ಅಂದ್ರೆ ಅವರು ಕೇಳ್ತಾರಾ ಅನ್ನೋದನ್ನ. ಕೇಳಿದ್ರು. ಮರುವರ್ಷ ಅಹ್ಮೆತಿ ಪಕ್ಷ ಕಟ್ಟಿ, ಚುನಾವಣೆಲಿ ಅಲ್ಬೇನಿಯನ್ ಪಕ್ಷಗಳಲ್ಲಿ ಮೊದಲನೇದಾಗಿ ಗೆದ್ದು, ಸರ್ಕಾರಕ್ಕೇ ಸೇರಿದ್ರು. ನನ್ನ ಕೇಳಿದ್ರೆ ಬಂದೂಕಿನ ಎಣಿಕೆಗಿಂತ ಶೇ. 20ರಷ್ಟು ಜನ ಮಾತಾಡೋ ಭಾಷೆಗೂ ಅಧಿಕೃತ ಸ್ಥಾನ, ಅಲ್ಪಸಂಖ್ಯಾತ ಸಂಸದರ ಬಹುಮತ ಇಲ್ಲದೆ ಕೆಲವು ಕಾನೂನು ಪಾಸಾಗಬಾರದು ಅನ್ನೋ ನಿಯಮ, ಪೊಲೀಸ್ ಇಲಾಖೆಗೆ ಅಲ್ಪಸಂಖ್ಯಾತರ ಹುಡುಗರ ನೇಮಕ, ಇವು ಜಾರಿಗೆ ಬಂತಾ ಅಂತ ನೋಡಿ. ಸಂವಿಧಾನ ತಿದ್ದಿ ಅದರ ಕೆಳಗಿನ ಕಾನೂನು ಮಾಡದೇ ಇದ್ರೆ ಅದು ಬರೀ ಕಾಗದ.

ಪ್ರಶ್ನೆ: ದುಡ್ಡು ಕೊಟ್ಟು ಬಂದೂಕು ಕೊಂಡ್ಕೊಂಡ್ರೆ ಆಗಲ್ವಾ?

ತುಕ್ಕು ಹಿಡಿದಿದ್ದನ್ನ ಮಾರಿ ಹೊಸದು ತಗೋತಾರೆ. ಮುಂದೆ.

ಪ್ರಶ್ನೆ: ನೇಪಾಳದಲ್ಲಿ ಮಾವೋವಾದಿಗಳು ಆಯುಧದ ಪೆಟ್ಟಿಗೆ ಕೀಲಿ ತಾವೇ ಇಟ್ಕೊಂಡಿದ್ರಂತೆ, ಅದೆಂಥ ನಿಶ್ಶಸ್ತ್ರೀಕರಣ?

ಹೌದು, ಇಟ್ಕೊಂಡಿದ್ರು. ಕಂಟೇನರ್ ಮೇಲೆ ವಿಶ್ವಸಂಸ್ಥೆ ಕಣ್ಣಿತ್ತು, ಅಷ್ಟೇ ಸಂಖ್ಯೆಯ ಆಯುಧಾನ ನೇಪಾಳ ಸೇನೆನೂ ಒಳಗಿಟ್ಟಿತ್ತು, ಅದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ಸೋತವರಲ್ಲದವರನ್ನ ಸೋತವರ ಥರ ನಡೆಸಿಕೊಂಡ್ರೆ ಒಪ್ಪಂದ ನಿಲ್ಲಲ್ಲ. ಒಪ್ಪಂದ 2006ಕ್ಕೆ, ಸಂವಿಧಾನ 2015ಕ್ಕೆ. ಆರು ತಿಂಗಳಲ್ಲಿ ಶಾಂತಿ ತರ್ತೀನಿ ಅನ್ನೋ ಸಲಹೆಗಾರರು ಕಂಡ್ರೆ ದೂರ ಇರಿ.

ಪ್ರಶ್ನೆ: ಬಂಡುಕೋರರಿಗೆ ಕ್ಷಮಾದಾನ ಕೊಡೋದು ಅನ್ಯಾಯ ಅಲ್ವಾ?

ಬಂದೂಕು ಹಿಡಿದಿದ್ದಕ್ಕೆ ಕ್ಷಮೆ ಇಲ್ಲದಿದ್ರೆ ಯಾರೂ ಕೆಳಗಿಳಿಯಲ್ಲ. ಯುದ್ಧಾಪರಾಧದ ವಿಷಯ ಬೇರೆ. ಮ್ಯಾಸಿಡೋನಿಯಾದ 2002ರ ಕ್ಷಮಾದಾನ ಕಾನೂನು, ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧ ವಿಚಾರಿಸ್ತಿದ್ದ ಹೇಗ್ ನ್ಯಾಯಮಂಡಳಿ ವ್ಯಾಪ್ತಿಯ ಅಪರಾಧಗಳನ್ನ ಹೊರಗಿಟ್ಟಿತ್ತು, ಸರಿಯಾಗೇ ಇತ್ತು. ಆ ಮಂಡಳಿ ವಾಪಸ್ ಕಳಿಸಿದ ಕೇಸುಗಳಿಗೂ 2011ರಲ್ಲಿ ಸಂಸತ್ತು ಅದೇ ಕ್ಷಮೆಯನ್ನ ಎಳೆದು ಹಾಕ್ತು, ಅದನ್ನ ಶಾಂತಿಯ ಹೆಸರಲ್ಲಿ ಸಮರ್ಥಿಸೋಕೆ ನನ್ನ ಕೇಳಬೇಡಿ.