"ನಾನು ಕಡಿಮೆಯಾಗಬೇಕು" ಅಂದವರ ಕೋಪ

ಈ ಅಕ್ಕನಿಗೆ ಐವತ್ತು ದಾಟಿದೆ. ತಮ್ಮ ಸಭೆಯ (ಚರ್ಚಿನ) ಭಾನುವಾರ ಶಾಲೆಯನ್ನು, ಅಂದರೆ ಮಕ್ಕಳ ಬೈಬಲ್ ತರಗತಿಯನ್ನು, ವರ್ಷಗಟ್ಟಲೆ ನಡೆಸಿದವರು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ಆಪ್ತಸಲಹೆಗೆ ಅವರು ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಮಾತಾಡುತ್ತಾ ಹೋದಂತೆ ವಿಷಯ ಹೊರಬಂತು. ಒಂದು ಭಾನುವಾರ ಆರಾಧನೆಯ ಕೊನೆಗೆ, ಪ್ರಕಟಣೆಗಳ ನಡುವೆ, ಮಕ್ಕಳ ಶಾಲೆಯ ಜವಾಬ್ದಾರಿ ಇನ್ನು ಮುಂದೆ ಒಬ್ಬ ಯುವತಿಯದು ಎಂದು ಪಾಸ್ಟರ್ ಹೇಳಿಬಿಟ್ಟಿದ್ದರು. ಅಕ್ಕನಿಗೆ ಮೊದಲೇ ಒಂದು ಮಾತೂ ತಿಳಿಸಿರಲಿಲ್ಲ. ಆ ಹುಡುಗಿ ಇವರ ಹತ್ತಿರವೇ ಬೈಬಲ್ ಕಥೆ ಕೇಳಿ ಬೆಳೆದವಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದರು.

"ನನಗೇನೂ ಬೇಜಾರಿಲ್ಲ. ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು, ಅಲ್ವಾ?" ಯೇಸುವಿನ ಬಗ್ಗೆ ಸ್ನಾನಿಕ ಯೋಹಾನ ಹೇಳಿದ ಈ ಬೈಬಲ್ ಮಾತು ಮತ್ತೆ ಮತ್ತೆ ಬಂತು. ಹೇಳಿದಾಗಲೆಲ್ಲ ದವಡೆ ಬಿಗಿಯಾಗುತ್ತಿತ್ತು. ಹಾಜರಿ ಪುಸ್ತಕ ಇನ್ನೂ ಅವರ ಮನೆಯಲ್ಲೇ ಇತ್ತು. "ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ." ಹುಡುಗಿ ಪಾಠದ ಬಗ್ಗೆ ಸಲಹೆ ಕೇಳಿದರೆ "ನೀನೇ ನೋಡ್ಕೋಮ್ಮ, ನನ್ನದೇನಿದೆ" ಎನ್ನುತ್ತಿದ್ದರು. ಪ್ರಾರ್ಥನಾ ಕೂಟದಲ್ಲಿ "ಅನುಭವ ಇಲ್ಲದವರಿಗೆ ಕರ್ತನೇ ಜ್ಞಾನ ಕೊಡಲಿ" ಎಂದು ಗಟ್ಟಿಯಾಗಿ ಪ್ರಾರ್ಥಿಸಿದ್ದರು. (ಇಂಥ ಪ್ರಾರ್ಥನೆಗಳನ್ನು ನಾವೆಲ್ಲ ಕೇಳಿದ್ದೇವೆ. ಮಾತು ದೇವರ ಜೊತೆ, ಗುರಿ ಪಕ್ಕದಲ್ಲಿ ಕೂತವರು.)

ಮೊದಲು ನಾನು ಬೈಬಲ್ ತೆರೆಯಲಿಲ್ಲ. ನಿದ್ದೆ, ಹಸಿವಿನ ಬಗ್ಗೆ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಇಲ್ಲ ಅಂದರು. ಎರಡು ವಾರಕ್ಕೂ ಜಾಸ್ತಿ ಕಾಲ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ ಖಿನ್ನತೆ ಇದೆಯೇ ಎಂದು ವೈದ್ಯರು ನೋಡಬೇಕು. "ನಂಬಿಕೆ ಇರೋಳು ಮಾತ್ರೆ ತಗೊಂಡರೆ ಜನ ಏನಂತಾರೆ?" ಎಂದು ಅವರು ಹಿಂಜರಿದರು. ಆಗ ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ ನೆನಪಿಸಿದೆ. ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಎಂದು ಪ್ರವಾದಿ ಎಲೀಯ ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎಬ್ಬಿಸಿ ಮತ್ತೆ ಕೊಟ್ಟ. ದೇವರ ಜೊತೆ ಮಾತುಕತೆ ಆಮೇಲೆ. ಅಕ್ಕ ವೈದ್ಯರ ಹತ್ತಿರ ಹೋಗಿಬಂದರು. ಖಿನ್ನತೆ ಇರಲಿಲ್ಲ.

ಆಮೇಲೆ ಅವರ ಆ ವಚನವನ್ನೇ ಕೈಗೆತ್ತಿಕೊಂಡೆವು. ಯೋಹಾನನ ಸುವಾರ್ತೆ 3ನೇ ಅಧ್ಯಾಯ, 22ನೇ ವಚನದಿಂದ ಇಬ್ಬರೂ ಓದಿದೆವು. ಎಲ್ಲರೂ ಯೇಸುವಿನ ಹತ್ತಿರ ಹೋಗುತ್ತಿದ್ದಾರಲ್ಲ ಎಂದು ತನ್ನ ಶಿಷ್ಯರು ದೂರು ತಂದಾಗ ಸ್ನಾನಿಕ ಯೋಹಾನ ಕೊಟ್ಟ ಉತ್ತರ ಅದು. ಆಗ ಅವನೇನು ಮನೆಯಲ್ಲಿ ಕೂತಿರಲಿಲ್ಲ. ಐನೋನ್ ಎಂಬ ಊರಿನಲ್ಲಿ ಇನ್ನೂ ದೀಕ್ಷಾಸ್ನಾನ ಮಾಡಿಸುತ್ತಿದ್ದ. ಅವನ ಕೆಲಸ ನಿಂತದ್ದು ಸೆರೆಮನೆಗೆ ಹೋದಾಗ. ಆ ಮಾತಿಗೆ ಮುಂಚಿನ ವಚನದಲ್ಲಿ ಅವನು ತನ್ನನ್ನು ಮದಲಿಂಗನ ಗೆಳೆಯ ಅಂತ ಕರೆದುಕೊಂಡು, ನನ್ನ ಸಂತೋಷ ಪೂರ್ತಿಯಾಯಿತು ಅನ್ನುತ್ತಾನೆ.

ಅಲ್ಲಿ ಅಕ್ಕ ನಿಂತರು. "ನನಗೆ ಆ ಸಂತೋಷ ಇಲ್ಲ" ಅಂದರು. ಕಣ್ಣೀರು ಬಂತು. ಅಲ್ಲಿಂದಲೇ ನಿಜವಾದ ಮಾತು ಶುರುವಾಯಿತು.

ನೋವನ್ನು ನುಂಗಿ "ನಾನೇನೂ ಅಲ್ಲ" ಎನ್ನುವುದನ್ನು ನಮ್ಮ ಸಭೆಗಳಲ್ಲಿ ದೀನತೆ ಎಂದು ಬೇಗ ಹೊಗಳಿಬಿಡುತ್ತಾರೆ. ನನಗೆ ಅದರಲ್ಲಿ ಅನುಮಾನ ಜಾಸ್ತಿ. ಯೋಹಾನ 13ರಲ್ಲಿ ಯೇಸು ಶಿಷ್ಯರ ಕಾಲು ತೊಳೆಯುವ ಮುಂಚೆ ಏನು ಹೇಳಿದೆ ನೋಡಿ. ತಾನು ದೇವರಿಂದ ಬಂದವನು, ದೇವರ ಬಳಿಗೆ ಹೋಗುವವನು ಎಂದು ಆತನಿಗೆ ಗೊತ್ತಿತ್ತು. ಅದು ಗೊತ್ತಿದ್ದೇ ಎದ್ದು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡ. ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ತೊಳೆದ. ಅಕ್ಕನನ್ನು ಕೇಳಿದೆ: "ಭಾನುವಾರ ಶಾಲೆ ಇಲ್ಲದಿದ್ದರೆ ದೇವರ ಮುಂದೆ ನೀವು ಯಾರು?" ಉತ್ತರ ಅವತ್ತು ಸಿಗಲಿಲ್ಲ. ದೇವರ ಮೇಲೆ ಭರವಸೆ ಅನ್ನುವುದು ಅವರ ಮಟ್ಟಿಗೆ ಈ ಪ್ರಶ್ನೆಯಲ್ಲೇ ಇತ್ತು.

ಕೆಲವು ಕೆಲಸ ಹೇಳಿದೆ. ಮೊದಲಿಗೆ, ದೇವರಿಗೆ ನಿಜ ಹೇಳಿ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ದಾವೀದ ನಾಲ್ಕು ಸಲ "ಎಲ್ಲಿಯ ತನಕ" ಎಂದು ಕೇಳುತ್ತಾನೆ. ನೀವೂ ಕೇಳಿ, ಒಬ್ಬರೇ ಇದ್ದಾಗ, ಕೂಟದಲ್ಲಿ ಬೇಡ. ಸೆರೆಮನೆಯಿಂದ "ಬರಬೇಕಾದವನು ನೀನೋ?" ಎಂದು ಸ್ನಾನಿಕ ಯೋಹಾನನೇ ಯೇಸುವಿಗೆ ಕೇಳಿ ಕಳಿಸಿದ. ಯೇಸು ಗದರಲಿಲ್ಲ, ಉತ್ತರ ಕೊಟ್ಟ.

ಪಾಸ್ಟರ್ ಜೊತೆ ಮಾತಾಡಲು ಗಂಡನನ್ನೂ ಇಬ್ಬರು ಹಿರಿಯರನ್ನೂ ಕರೆದೊಯ್ಯುವ ಯೋಚನೆ ಅವರದು. ಬೇಡ ಅಂದೆ. ಮತ್ತಾಯ 18ರಲ್ಲಿ ಮೊದಲು ಇಬ್ಬರೇ ಇದ್ದು ಮಾತಾಡಬೇಕು, ಸಾಕ್ಷಿಗಳು ಆಮೇಲೆ. (ಹೊಡೆತ, ಬೆದರಿಕೆ, ಲೈಂಗಿಕ ಕಿರುಕುಳ ಇದ್ದಲ್ಲಿ ಈ ವಚನ ಹಿಡಿದುಕೊಂಡು ಯಾರನ್ನೂ ಒಂಟಿಯಾಗಿ ಕಳಿಸಬಾರದು. ಇಲ್ಲಿ ಅಂಥದ್ದಿರಲಿಲ್ಲ.) ಏನು ಹೇಳಬೇಕೆಂದು ಇಬ್ಬರೂ ಕೂತು ಬರೆದೆವು: "ಜವಾಬ್ದಾರಿ ವಾಪಸ್ ಕೇಳಲು ಬಂದಿಲ್ಲ. ಎಲ್ಲರ ಜೊತೆ ನನಗೂ ಅಲ್ಲೇ ಗೊತ್ತಾದದ್ದು ನೋವಾಯಿತು." ಅದಕ್ಕಿಂತ ಹೆಚ್ಚು ಬೇಡ.

ಇನ್ನು ಹಾಜರಿ ಪುಸ್ತಕ. ಅದನ್ನು ನೀವೇ ಹೋಗಿ ಹುಡುಗಿಯ ಕೈಗೆ ಕೊಡಿ, ಜೊತೆಗೆ ಬುದ್ಧಿವಾದ ಕೊಡಬೇಡಿ ಅಂದೆ. ಅವಳು ಏನಾದರೂ ಕೇಳಿದರೆ ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. "ಪಾಸ್ಟರ್ ಹತ್ರ ಮಾತಾಡೋದೇ ಸುಲಭ" ಎಂದು ಅಕ್ಕ ನಕ್ಕರು.

ಪಾಸ್ಟರ್ ಕ್ಷಮೆ ಕೇಳಿದರಂತೆ. "ನೀವು ದಣಿದಿದ್ದೀರಿ ಅನ್ನಿಸಿತು" ಎಂದೂ ಸೇರಿಸಿದರಂತೆ. ಆ ಎರಡನೇ ಮಾತು ಅಕ್ಕನಿಗೆ ಇನ್ನೂ ಚುಚ್ಚುತ್ತಿದೆ. ನಿದ್ದೆ ಸುಧಾರಿಸಿದೆ. ಪುಸ್ತಕ ಕೊಟ್ಟ ಕೆಲವು ವಾರಗಳ ಮೇಲೆ ಆ ಹುಡುಗಿ ಬಂದು, ಚಿಕ್ಕ ಮಕ್ಕಳ ತರಗತಿ ತಗೊಳ್ತೀರಾ ಆಂಟಿ ಎಂದು ಕೇಳಿದಳು. ಅಕ್ಕ ಇನ್ನೂ ಒಪ್ಪಿಲ್ಲ. ಅವಸರ ಬೇಡ ಅಂದಿದ್ದೇನೆ. ದಣಿವಿದ್ದರೆ ಇಲ್ಲ ಅನ್ನಬಹುದು. ಕೋಪದಿಂದ ಇಲ್ಲ ಅನ್ನುವುದಾದರೆ ಇನ್ನೊಂದು ವಾರ ಕಾಯಲಿ.

ಸಭೆ ನಡೆಸುವವರಿಗೂ ಒಂದು ಮಾತು. ಜವಾಬ್ದಾರಿ ಬದಲಿಸುವುದು ನಿಮ್ಮ ಅಧಿಕಾರ, ಸರಿ. ಪ್ರಕಟಣೆಗೆ ಮುಂಚೆ ಆ ವ್ಯಕ್ತಿಯ ಎದುರು ಕೂತು ಕಾರಣ ಹೇಳಿ, ಅವರ ಮಾತು ಕೇಳಿಸಿಕೊಳ್ಳಿ. ಅರ್ಧ ಗಂಟೆ ಸಾಕು. ನನ್ನ ಹತ್ತಿರ ಬರುವ ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ಆ ಅರ್ಧ ಗಂಟೆ ಸಿಗದೆ ಬಂದವು.