ರಿವರ್ಸಲ್ ಫಿಲ್ಮಿಗೆ ಎಷ್ಟು ಬೆಳಕು?

ಪ್ರಶ್ನೆ: ಮಾವನವರ ಹಳೆಯ ಬೋಲೆಕ್ಸ್ ಎಚ್16 ರಿಫ್ಲೆಕ್ಸ್ ಚಲನಚಿತ್ರ ಕ್ಯಾಮೆರಾಕ್ಕೆ ಎಕ್ಟಾಕ್ರೋಮ್ 100ಡಿ ರಿವರ್ಸಲ್ ಫಿಲ್ಮ್ ಹಾಕಿ, ಅಡಿಕೆ ಕೊಯ್ಲನ್ನೂ ಅಂಗಳದಲ್ಲಿ ಅಡಿಕೆ ಒಣಹಾಕುವುದನ್ನೂ ಚಿತ್ರೀಕರಿಸಿದೆ. ಸೆಕೆಂಡಿಗೆ 24 ಫ್ರೇಮ್ ವೇಗವಾದ್ದರಿಂದ ಬೆಳಕು ಅಳೆಯುವ ಕೈಮೀಟರನ್ನು 1/50 ಸೆಕೆಂಡಿಗೆ ಇಟ್ಟು, ಅದು ತೋರಿಸಿದ ಅಪರ್ಚರನ್ನೇ (ಲೆನ್ಸಿನ ತೆರಪನ್ನೇ) ಬಳಸಿದೆ. ಅಂಗಳದ ದೃಶ್ಯಗಳು ತುಸು ಮಂಕಾಗಿವೆ, ತೋಟದೊಳಗಿನವು ಕಪ್ಪಿಟ್ಟಿವೆ. ಮೀಟರ್ ಕೆಟ್ಟಿದೆಯೇ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ಮೀಟರನ್ನು ದೂರುವ ಮೊದಲು ಆ 1/50 ಎಂಬ ಅಂಕಿಯನ್ನು ನೋಡಬೇಕು. ಅದು ಹೊಂದುವುದು 180 ಡಿಗ್ರಿ, ಅಂದರೆ ಸುತ್ತಿನ ಅರ್ಧ ಭಾಗ, ತೆರೆಯುವ ತಿರುಗು ಶಟರಿಗೆ. ಬೋಲೆಕ್ಸ್ ರಿಫ್ಲೆಕ್ಸ್‌ನ ಶಟರ್ ಸುಮಾರು 130 ಡಿಗ್ರಿ ಮಾತ್ರ ತೆರೆಯುವುದರಿಂದ ಒಂದೊಂದು ಫ್ರೇಮಿಗೆ ದೊರೆಯುವ ಕಾಲ 1/65 ಸೆಕೆಂಡಿನಷ್ಟು. ಸಾಲದ್ದಕ್ಕೆ, ಲೆನ್ಸಿನ ಹಿಂದಿರುವ ಪ್ರಿಸಮ್ ಕಾಲು ಭಾಗದಷ್ಟು ಬೆಳಕನ್ನು ವ್ಯೂಫೈಂಡರಿನತ್ತ ತಿರುಗಿಸುವುದರಿಂದ ಫಿಲ್ಮಿಗೆ ಉಳಿಯುವುದು 1/80ಕ್ಕೆ ಸಮನಾದ ಬೆಳಕು. ನಿಮ್ಮ ಇಡೀ ಸುರುಳಿಗೆ ಮೂರನೇ ಎರಡು ಸ್ಟಾಪ್‌ನಷ್ಟು ಬೆಳಕು ಕಡಿಮೆ ಬಿದ್ದಿರುವುದು ಹೀಗೆ. (ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧಕ್ಕಿಳಿದಂತೆ.) ಆರ್‌ಎಕ್ಸ್ ಗುರುತಿನ ಲೆನ್ಸ್ ಇದ್ದರೆ ಈ ಲೆಕ್ಕ ಬೇಡವೆಂದು ಕೆಲವರು ಹೇಳುವುದುಂಟು. ಆ ಲೆನ್ಸ್ ಸರಿಪಡಿಸುವುದು ಪ್ರಿಸಮಿನಿಂದಾಗುವ ಸ್ಪಷ್ಟತೆಯ ದೋಷವನ್ನೇ ಹೊರತು ಬೆಳಕಿನ ಕೊರತೆಯನ್ನಲ್ಲ. ನಿಮ್ಮ ಕ್ಯಾಮೆರಾದಲ್ಲಿ ಶಟರನ್ನು ಕಿರಿದಾಗಿಸುವ ಲಿವರ್ ಇದ್ದರೆ ಅದು ಪೂರ್ತಿ ತೆರೆದಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ನೆಗೆಟಿವ್ ಫಿಲ್ಮಿನಲ್ಲಾದರೆ ಇಷ್ಟು ಕೊರತೆಯನ್ನು ಪ್ರಿಂಟ್ ಹಾಕುವಾಗ ತುಂಬಿಕೊಳ್ಳಬಹುದಿತ್ತು. ರಿವರ್ಸಲ್‌ನಲ್ಲಿ ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ಪ್ರೊಜೆಕ್ಟರಿಗೂ ಬರುವುದರಿಂದ ಅರ್ಧ ಸ್ಟಾಪ್‌ನ ವ್ಯತ್ಯಾಸವೂ ಪರದೆಯ ಮೇಲೆ ಎದ್ದು ಕಾಣುತ್ತದೆ. ಬೆಳಕು ಹೆಚ್ಚಾದರಂತೂ ಬಿಸಿಲಲ್ಲಿ ನಿಂತವರ ಬಿಳಿ ಮುಂಡಿನ ನೆರಿಗೆಗಳೆಲ್ಲ ಅಳಿಸಿಹೋಗಿ ಅಲ್ಲಿ ಬರಿಯ ಪಾರದರ್ಶಕ ಫಿಲ್ಮ್ ಉಳಿಯುತ್ತದೆ. ಆದ್ದರಿಂದ ಅನುಮಾನವಿದ್ದಲ್ಲಿ ಅರ್ಧ ಸ್ಟಾಪ್ ಕಡಿಮೆಯಾಗುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಮೋಡವಿಲ್ಲದ ನಡುಹಗಲಿನಲ್ಲಿ, ಈ ಫಿಲ್ಮಿಗೆ ಈ ವೇಗದಲ್ಲಿ, ಅಪರ್ಚರನ್ನು ಎಫ್/16ಕ್ಕಿಂತ ಮೂರನೇ ಒಂದು ಸ್ಟಾಪ್ ಮುಚ್ಚಿದರೆ ಸರಿಹೋಗಬೇಕು. ಮೀಟರ್ ಬಹಳ ಬೇರೆ ಅಂಕಿ ತೋರಿಸಿದರೆ ಆಗ ಅದರ ಮೇಲೆ ಸಂಶಯಪಡಿ.

ತೋಟದ ಕಥೆ ಬೇರೆ. ನೀವು ಬಹುಶಃ ಕ್ಯಾಮೆರಾದ ಬಳಿಯಿಂದಲೇ ಮೀಟರನ್ನು ಮರಗಳತ್ತ ಹಿಡಿದಿದ್ದೀರಿ. ಸೋಗೆಗಳ ಸಂದಿನಿಂದ ಇಣುಕುವ ಆಕಾಶವೇ ಆಗ ಅಳತೆಯನ್ನು ನಿರ್ಧರಿಸುತ್ತದೆ. ಮೀಟರಿಗೆ ಬಿಳಿ ಗುಮ್ಮಟವಿದ್ದರೆ, ಗೊನೆ ಹೆಕ್ಕುವವರು ಇರುವ ನೆರಳಿನಲ್ಲೇ ನಿಂತು ಗುಮ್ಮಟವನ್ನು ಕ್ಯಾಮೆರಾದತ್ತ ತಿರುಗಿಸಿ ಅಳೆಯಿರಿ. ಮರದ ತುದಿಯಲ್ಲಿ ಗೊನೆ ಕೊಯ್ಯುವವರನ್ನು ಕೆಳಗಿನಿಂದ ತೆಗೆಯುವಾಗ ಮಾತ್ರ ಆಕಾಶ, ಮುಖ ಎರಡನ್ನೂ ಉಳಿಸಿಕೊಳ್ಳುವುದು ಈ ಫಿಲ್ಮಿನಿಂದ ಆಗದು. ಮುಖ ಬೇಕಿದ್ದರೆ ಆಕಾಶ ಬೆಳ್ಳಗಾಗಲಿ.

ನೂರು ಅಡಿಯ ಸುರುಳಿ 24 ಫ್ರೇಮ್ ವೇಗದಲ್ಲಿ 2 ನಿಮಿಷ 46 ಸೆಕೆಂಡಿಗೆ ಮುಗಿದುಹೋಗುತ್ತದಾದರೂ, ಮುಂದಿನ ಸುರುಳಿಯ ಮೊದಲ ಕೆಲವು ಅಡಿಗಳನ್ನು ಪರೀಕ್ಷೆಗೆ ಮೀಸಲಿಡಿ. ಅಪರ್ಚರನ್ನು ಚೀಟಿಯಲ್ಲಿ ಬರೆದು ದೃಶ್ಯದೊಳಗೇ ಇಟ್ಟು, ಅರ್ಧರ್ಧ ಸ್ಟಾಪ್ ಬದಲಿಸುತ್ತ ಮೂರು ಮೂರು ಸೆಕೆಂಡ್ ಓಡಿಸಿ. ಫಲಿತಾಂಶವನ್ನು ಪ್ರೊಜೆಕ್ಟರಿನಲ್ಲೇ ನೋಡಿ, ಏಕೆಂದರೆ ಸ್ಕ್ಯಾನರ್ ಬೆಳಕನ್ನು ತಾನೇ ಹೊಂದಿಸಿ ತಪ್ಪನ್ನು ಮುಚ್ಚಿಬಿಡಬಹುದು.

ಪ್ರಶ್ನೆ: ಇದೇ ಫಿಲ್ಮಿನಲ್ಲಿ ರಾತ್ರಿಯ ಯಕ್ಷಗಾನ ಬಯಲಾಟವನ್ನು ತೆಗೆಯಬಹುದೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಇದು ಹಗಲು ಬೆಳಕಿನ ಫಿಲ್ಮ್. ಹ್ಯಾಲೋಜನ್ ದೀಪದಲ್ಲಿ ವೇಷಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಅದನ್ನು ತಿದ್ದುವ ನೀಲಿ 80ಎ ಫಿಲ್ಟರ್ ಎರಡು ಸ್ಟಾಪ್ ಬೆಳಕನ್ನು ನುಂಗಿ, 100 ಎಎಸ್ಎ (ಫಿಲ್ಮಿನ ಬೆಳಕಿನ ಸಂವೇದನೆಯ ಅಳತೆ) ಇರುವ ಫಿಲ್ಮನ್ನು 25ಕ್ಕೆ ಇಳಿಸುತ್ತದೆ. ಬಯಲಾಟದ ರಂಗಸ್ಥಳದ ಬೆಳಕಿಗೆ ಅದು ಸಾಲುವುದಿಲ್ಲ. ವೇಷಧಾರಿಗಳು ಒಪ್ಪಿದರೆ ಸಂಜೆಯ ಬೆಳಕಿರುವಾಗಲೇ ಚೌಕಿಯ (ಬಣ್ಣದ ಮನೆಯ) ಹೊರಗೆ ಒಂದೆರಡು ವೇಷಗಳನ್ನು ತೆಗೆದುಕೊಳ್ಳಿ.